ಅರವತ್ನಾಲ್ಕನೆಯ ಸಾಮಾನು

ಬೆಳಿಗ್ಗೆ ಆರಕ್ಕೆ ಎದ್ದು ಹಾಲು ಕಾಯಿಸಿದೆ. ದೋಸೆಗೆ ಚಟ್ನಿ ಅರೆದೆ. ನಮ್ಮವರ ಅಂಗಿಗೆ ಒಂದು ಗುಂಡಿ ಹೊಲಿದೆ. ಅವರು ಆಫೀಸಿಗೆ ಹೋದ ಮೇಲೆ ಬಟ್ಟೆ ಮೆಷಿನ್ನಿಗೆ ಹಾಕಿ, ಬಾಲ್ಕನಿಯ ಗಿಡಗಳಿಗೆ ನೀರು ಬಿಟ್ಟು, ಕರಿಬೇವಿನ ಕುಂಡವನ್ನು ಸರಿಸಿ, ಅದರಡಿಯ ಎರಡು ಇಟ್ಟಿಗೆಗಳನ್ನು ಉಜ್ಜಿ ತೊಳೆದು ಮತ್ತೆ ಅಲ್ಲೇ ಇಟ್ಟೆ. ಪಾಚಿ ಕಟ್ಟಿತ್ತು. ಹೆಸರುಕಾಳು ನೆನೆಹಾಕಿದೆ. ಗ್ಯಾಸಿನವನು ಬಂದು ಸಿಲಿಂಡರ್ ಕೊಟ್ಟು ಹೋದ. ಹನ್ನೊಂದೂವರೆಗೆ ಇಳಕಲ್ಲಿನಿಂದ ಅಕ್ಕನ ಫೋನ್ ಬಂತು.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಕೊಚ್ಚಿಯ ಈ ಕಾಕ್ಕನಾಡಿಗೆ ಬರುವ ಮೊದಲು ನಾವು ತಿರುವನಂತಪುರದ ಶ್ರೀಕಾರ್ಯಂನಲ್ಲಿ ಎಂಟು ವರ್ಷ ಇದ್ದೆವು. ಆಗ ನಮ್ಮ ಪಕ್ಕದ ಕ್ವಾರ್ಟರ್ಸಿನವರು ಇವರು. ಇವರ ಯಜಮಾನರು ಹೋದ ತಿಂಗಳು ತೀರಿಕೊಂಡರು. ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. ಇವತ್ತು ಅಕ್ಕ ಫೋನ್ ಮಾಡಿದ್ದು ಕಪಾಟು ಖಾಲಿ ಮಾಡುವಾಗ ಸಿಕ್ಕಿದ ಒಂದು ನೋಟ್ ಪುಸ್ತಕದ ವಿಷಯಕ್ಕೆ. ಅದರಲ್ಲಿ ಏನಿತ್ತು ಎಂಬುದನ್ನು ಕೊನೆಗೆ ಬರೆಯುತ್ತೇನೆ. ಮನುಷ್ಯ ಎಂಥವರು ಎಂದು ಹೇಳದೆ ಪುಸ್ತಕದ ಸುದ್ದಿ ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ನಮ್ಮವರಿದ್ದ ಸಂಸ್ಥೆಯಲ್ಲೇ ಅಕ್ಕನ ಯಜಮಾನರು ಉಗ್ರಾಣ ನೋಡಿಕೊಳ್ಳುತ್ತಿದ್ದರು. ಉಗ್ರಾಣವನ್ನು ಎಲ್ಲರೂ ಸ್ಟೋರ್ಸ್ ಎನ್ನುತ್ತಿದ್ದರು. ಕಾಲಕ್ರಮದಲ್ಲಿ ಅವರನ್ನೂ ಹಾಗೇ ಕರೆಯತೊಡಗಿದರು. ಅವರಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಎತ್ತರದ ಆಳು, ಸಣಕಲು, ಮೀಸೆ ಮಾತ್ರ ದಪ್ಪ. ಮಾತು ಶುರುಮಾಡುವ ಮೊದಲು ಮೂರು ಕಡೆ ಮುಟ್ಟಿಕೊಳ್ಳುತ್ತಿದ್ದರು: ಎದೆಯ ಜೇಬಿನಲ್ಲಿ ಪೆನ್ನು, ಬಲ ಜೇಬಿನಲ್ಲಿ ಅಳತೆ ಟೇಪು, ಸೊಂಟದಲ್ಲಿ ಬೀಗದ ಕೈ. ಮೂರೂ ಇವೆ ಎಂದು ಖಾತ್ರಿಯಾದ ಮೇಲೆ "ಹೇಳ್ರಿ" ಎನ್ನುತ್ತಿದ್ದರು.

ಕೆಟ್ಟ ಬಲ್ಬು ವಾಪಸು ಕೊಡದೆ ಅವರಿಂದ ಹೊಸ ಬಲ್ಬು ಪಡೆದವರು ಆ ಸಂಸ್ಥೆಯಲ್ಲಿ ಇಲ್ಲ. ಒಮ್ಮೆ ಒಬ್ಬ ವಿಜ್ಞಾನಿಯ ಬಲ್ಬು ಕೆಳಗೆ ಬಿದ್ದು ಪುಡಿಯಾಗಿತ್ತು. ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಬರಲು ಹೇಳಿದರು. ಅವರು ತಂದರು. ಇವರು ಅದನ್ನು ಬಿಚ್ಚಿ ನೋಡಿ, ಹಿತ್ತಾಳೆಯ ತಲೆ ಎಲ್ಲಿ ಎಂದು ಕೇಳಿದರು.

ಮನೆಯಲ್ಲೂ ಅದೇ. ಅಕ್ಕ ನಮ್ಮ ಮನೆಯಿಂದ ಒಂದು ಲೋಟ ಸಕ್ಕರೆ ತೆಗೆದುಕೊಂಡು ಹೋದರೆ ಸಂಜೆ ಅವರು ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಅಕ್ಕಾರ, ತಲಿ ಸವರಿ ಅಳತಿ ಮಾಡೀನ್ರಿ. ನೀವು ಕೊಟ್ಟದ್ದು ಗೋಪುರ ಇತ್ತಂತ, ಅದಕ್ಕ ಇನ್ನೊಂದು ಚಮಚಾ ಹಾಕೀನಿ."

"ಇರಲಿ ಬಿಡಿ ಅಣ್ಣ, ಒಂದು ಚಮಚಕ್ಕೆಲ್ಲ ಯಾಕೆ?"

"ಚಮಚಾ ಅನ್ರಿ, ಚೀಲ ಅನ್ರಿ, ಸಾಮಾನು ಸಾಮಾನರಿ."

ಅವರಿಂದ ಎಲ್ಲರಿಗೂ ಆಗುತ್ತಿದ್ದ ಉಪಕಾರವೆಂದರೆ ಕಟ್ಟುವುದು. ಯಾರಿಗೆ ವರ್ಗವಾದರೂ ಮನೆ ಸಾಮಾನು ಕಟ್ಟಲು ಅವರೇ ಬರಬೇಕು. ನಮಗೆ ಕೊಚ್ಚಿಗೆ ವರ್ಗವಾದಾಗ ಮೂರು ಭಾನುವಾರ ಕೂತು ಕಟ್ಟಿಕೊಟ್ಟರು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಪ್ರತಿ ಡಬ್ಬದ ಮೇಲೊಂದು ಚೀಟಿ, ಒಳಗೊಂದು ಚೀಟಿ. ಮೇಲಿನದು ಮಳೆಗೆ ಹೋದರೂ ಒಳಗಿನದು ಇರುತ್ತದಲ್ಲ. ನಾನು ಸೋಮಾರಿತನ ಮಾಡಿ ಒಂದು ಡಬ್ಬವನ್ನು ಇಲ್ಲಿಗೆ ಬಂದು ಆರು ತಿಂಗಳಾದ ಮೇಲೆ ಬಿಚ್ಚಿದೆ. ಮೇಲೆ ಇಡ್ಲಿ ತಟ್ಟೆ, ಕೆಳಗೆ ದೇವರ ಪಟ, ತಳದಲ್ಲಿ ಚೀಟಿ: "ಇದು ಕಡೇ ಡಬ್ಬಿ. ಇನ್ನ ಹುಡುಕಬ್ಯಾಡ್ರಿ."

ಇಂಥವರಿಗೆ ಒಂದು ಮೋಟಾರ್ ಸೈಕಲ್ ಇತ್ತು. ಕಪ್ಪು ಬಣ್ಣ, ಹಳೆಯದು, ಸದ್ದು ಜಾಸ್ತಿ. ಅವರು ವರ್ಗವಾಗಿ ಕೇರಳಕ್ಕೆ ಬಂದಾಗ ಅದು ರೈಲಿನ ಸಾಮಾನು ಡಬ್ಬಿಯಲ್ಲಿ, ಪೆಟ್ರೋಲು ಖಾಲಿ ಮಾಡಿಸಿಕೊಂಡು, ಮೈತುಂಬ ಹುಲ್ಲು ಮತ್ತು ಗೋಣಿತಟ್ಟು ಸುತ್ತಿಸಿಕೊಂಡು, ಗಂಡಹೆಂಡಿರಿಗಿಂತ ಹನ್ನೊಂದು ದಿನ ತಡವಾಗಿ ಬಂದಿತ್ತಂತೆ. ತಿರುವನಂತಪುರದ ತಂಬಾನೂರು ಸ್ಟೇಷನ್ನಿನಲ್ಲಿ ಹುಲ್ಲು ಕೀಳುತ್ತಾ ಅವರಿಗೆ ಬಹಳ ಅವಮಾನವಾಯಿತಂತೆ. "ಗಾಡಿ ನಮ್ಮನ್ನ ತರಬೇಕು. ನಾವು ಗಾಡೀನ ತಂದ್ವಿ. ಇದು ಬರೋಬರಿ ಅಲ್ಲ." ಅಲ್ಲೇ, ಸ್ಟೇಷನ್ನಿನಲ್ಲೇ, ಅಕ್ಕನಿಗೆ ಹೇಳಿದರಂತೆ: ನಿವೃತ್ತಿಯಾದ ದಿನ ಇದೇ ಗಾಡಿಯ ಮೇಲೆ ನಿನ್ನನ್ನು ಕೂರಿಸಿಕೊಂಡು ಊರಿಗೆ ಹೋಗುತ್ತೇನೆ. ಆಗ ಅಕ್ಕನಿಗೆ ಇಪ್ಪತ್ತೇಳು ವರ್ಷ. ಅವರು ನಿವೃತ್ತರಾಗುವ ಹೊತ್ತಿಗೆ ಐವತ್ನಾಲ್ಕು. ಆ ಮಧ್ಯದಲ್ಲಿ ಆ ಗಾಡಿ ಆಟ್ಟಿಂಗಲ್ ದಾಟಿರಲಿಲ್ಲ. ಶ್ರೀಕಾರ್ಯಂನಿಂದ ಆಟ್ಟಿಂಗಲ್ಲಿಗೆ ಒಂದು ಗಂಟೆಯ ದಾರಿ.

ಹೋಗಲಿಲ್ಲ ಎಂದರೆ ಸಿದ್ಧತೆ ಇರಲಿಲ್ಲ ಎಂದಲ್ಲ. ಸಿದ್ಧತೆ ಬಿಟ್ಟರೆ ಬೇರೇನೂ ಇರಲಿಲ್ಲ.

ನಾವು ಪಕ್ಕದ ಮನೆಗೆ ಹೋಗಿ ಮೂರು ವರ್ಷವಾಗುವಷ್ಟರಲ್ಲಿ ಅವರ ಭಾನುವಾರಗಳು ಶುರುವಾದವು. ಬೆಳಿಗ್ಗೆ ಆರಕ್ಕೆ ಗಾಡಿ ಅಂಗಳಕ್ಕೆ ಬರುತ್ತಿತ್ತು. ಎರಡು ಕ್ಯಾನ್ವಾಸ್ ಚೀಲ ಎಡಬಲಕ್ಕೆ. ಅವನ್ನು ಚಾಲೈ ಮಾರುಕಟ್ಟೆಯಲ್ಲಿ ಟಾರ್ಪಾಲು ಹೊಲಿಯುವವನ ಹತ್ತಿರ ನಾಲ್ಕು ಸಲ ಬಿಚ್ಚಿಸಿ ಹೊಲಿಸಿದ್ದರು. ಅವುಗಳೊಳಗೆ ಕ್ಲಚ್ ವೈರು, ಬ್ರೇಕ್ ವೈರು, ಪ್ಲಗ್ಗು ಎರಡು, ಟ್ಯೂಬು ಎರಡು, ಗಾಳಿ ಪಂಪು, ಪಂಕ್ಚರಿನ ಸಾಮಾನು, ಮಳೆಯಂಗಿ ಎರಡು, ಟಾರ್ಚು, ಸೂಜಿದಾರ, ನೋವಿನ ಮುಲಾಮು, ಕಿವಿಗೆ ಗಾಳಿ ಹೊಡೆಯದಂತೆ ಇಟ್ಟುಕೊಳ್ಳಲು ಹತ್ತಿ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಒದ್ದೆ ನೆಲದಲ್ಲಿ ಸ್ಟ್ಯಾಂಡು ಹೂತುಹೋಗದಂತೆ ಕೆಳಗಿಡಲು ಒಂದು ಹಲಗೆ ತುಂಡು. ಎರಡೂ ಕಡೆ ತೂಕ ಸಮ ಇದೆಯೋ ಎಂದು ನೋಡಲು ಒಂದು ಕೊಕ್ಕೆಯ ತಕ್ಕಡಿ. ಆ ತಕ್ಕಡಿಯ ತೂಕ ಎಡಕ್ಕೆ ಬಂದದ್ದರಿಂದ ಬಲಕ್ಕೆ ಅಷ್ಟೇ ತೂಕದ ಒಂದು ಬೀಗ. ಒಟ್ಟು ಅರವತ್ಮೂರು. ಎಲ್ಲವೂ ಒಂದು ನೋಟ್ ಪುಸ್ತಕದಲ್ಲಿ, ನಂಬರು ಹಾಕಿ, ದಾರಿಯ ಊರಿಗೊಂದು ಅಂಕಣ ಎಳೆದು, ಕೊನೆಗೆ ಷರಾ ಬರೆಯಲು ಜಾಗ ಬಿಟ್ಟು. ಅವರ ಒಂದು ಮಾತಿತ್ತು: "ಪಟ್ಟ್ಯಾಗ ಇದ್ದದ್ದು ಬಿಡಂಗಿಲ್ಲ. ಪಟ್ಟ್ಯಾಗ ಇಲ್ಲದ್ದು ಕೇಳಂಗಿಲ್ಲ."

ಎಲ್ಲ ಕಟ್ಟಿ, ಗುರುತು ಹಾಕಿ, ಗಾಡಿ ಶುರು ಮಾಡಿ ಕ್ವಾರ್ಟರ್ಸಿನ ಗೇಟಿನವರೆಗೆ ಹೋಗಿ ತಿರುಗಿ ಬರುತ್ತಿದ್ದರು. ಮತ್ತೆ ಎಲ್ಲ ಬಿಚ್ಚುತ್ತಿದ್ದರು. ಏನು ಸಡಿಲಾಯಿತು, ಏನು ಗಲಗಲ ಅಂದಿತು ಎಂದು ಬರೆದುಕೊಳ್ಳುತ್ತಿದ್ದರು. ಗೇಟಿನ ವಾಚ್‌ಮನ್ ಪ್ರತಿ ವಾರ ತಪ್ಪದೆ ಕೇಳುತ್ತಿದ್ದ: "ಇನ್ನುಂ ಪೋಯಿಲ್ಲೇ ಸಾರೇ?" ಇವತ್ತೂ ಹೋಗಲಿಲ್ಲವೇ ಎಂದು.

"ಹೋಗೂದು ದೊಡ್ಡ ಮಾತಲ್ಲಪಾ," ಎಂದು ಇವರು ಕನ್ನಡದಲ್ಲೇ ಹೇಳುತ್ತಿದ್ದರು. "ತಯಾರಾಗೂದು ದೊಡ್ಡ ಮಾತು." ಅವನು ತಲೆಯಾಡಿಸುತ್ತಿದ್ದ.

ಒಂದು ದಿನ ಅವರಿಗೆ ಹೊಳೆಯಿತು: ಹಿಂದೆ ಹೆಂಡತಿ ಕೂತರೆ ಗಾಡಿಯ ತೂಕವೇ ಬೇರೆ. ಹಾಗಾಗಿ ಪರೀಕ್ಷೆಯೆಲ್ಲ ಸುಳ್ಳು. ಆದರೆ ಅಕ್ಕನಿಗೆ ಭಾನುವಾರ ಬೆಳಿಗ್ಗೆ ಗೇಟಿನವರೆಗೆ ಹೋಗಿ ಬರಲು ಪುರುಸೊತ್ತಿಲ್ಲ. "ರೊಟ್ಟಿ ನೀವು ಬಡೀತೀರೇನು?" ಎಂದರು. ಅದಕ್ಕೆ ಅವರು ಮುಂದಿನ ಶನಿವಾರ ಹಗ್ಗ ಕೊಳ್ಳುವ ನೆಪದಲ್ಲಿ ಅಕ್ಕನನ್ನು ಚಾಲೈಗೆ ಕರೆದುಕೊಂಡು ಹೋಗಿ, ಒಂದು ಈರುಳ್ಳಿ ಮಂಡಿಯಲ್ಲಿ ಕೇಳಿಕೊಂಡು, ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದರು. ಅರವತ್ತೊಂದು ಕಿಲೋ ಬಂತು. ಚಪ್ಪಲಿಯ ತೂಕ ಕಳೆದು ಅರವತ್ತೂವರೆ ಎಂದು ಬರೆದುಕೊಂಡರು. ಮಂಡಿಯವನು ಮುಖ ಕೂಡ ಎತ್ತದೆ, ಮಾರುವುದಕ್ಕೋ ಎಂದು ಕೇಳಿದನಂತೆ. ಅಕ್ಕ ಒಂದು ವಾರ ಗಂಡನ ಹತ್ತಿರ ಮಾತಾಡಲಿಲ್ಲ.

ಬಟ್ಟೆ ಒಣಗಿಸುವ ತಂತಿಯ ಹತ್ತಿರ ನಾನು ಸಮಾಧಾನ ಹೇಳಿದೆ. "ಹೋಗಲಿ ಬಿಡಿ ಅಕ್ಕ, ಅಂಗಡಿಯವನು ತಮಾಷೆಗೆ ಅಂದ."

"ಅವ ಕೇಳಿದ್ದಕ್ಕ ಅಲ್ಲ ತಂಗಿ ನನಗ ಸಿಟ್ಟು. ಮಾರೂದಿಲ್ಲ ಅಂತ ಇವರು ಒಂದ್ ಮಾತು ಹೇಳ್ಬೇಕಿಲ್ಲೇನು? ಪುಸ್ತಕದಾಗ ಬರಕೋತ ನಿಂತಿದ್ರು."

ಅಂದಿನಿಂದ ಅಕ್ಕನ ಬದಲಿಗೆ ಜೋಳದ ಚೀಲ. ಊರಿನಿಂದ ವರ್ಷಕ್ಕೊಮ್ಮೆ ಬರುತ್ತಿದ್ದ ಜೋಳ ಅದು. ಅದನ್ನು ಅರವತ್ತೂವರೆಗೆ ಸರಿಮಾಡಿ, ಹಿಂದಿನ ಸೀಟಿನ ಮೇಲೆ ನೆಟ್ಟಗೆ ಕೂರಿಸಿ, ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದರು. ವಾರವಾರ ರೊಟ್ಟಿಗೆ ತೆಗೆದಷ್ಟು ಜೋಳ ಕಡಿಮೆಯಾಗುತ್ತಿತ್ತಲ್ಲ, ಅಷ್ಟಕ್ಕೆ ಇಟ್ಟಿಗೆ ಹಾಕಿ ತುಂಬುತ್ತಿದ್ದರು. ಹೊರಡುವ ಮೊದಲು ಎಡಗೈ ಹಿಂದೆ ಚಾಚಿ ಹಗ್ಗ ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿ "ಕುಂತೀಯೇನು?" ಎಂದು ಕೇಳುತ್ತಿದ್ದರು. ರೂಢಿಯಾಗಲಿ ಎಂದು. ಕ್ವಾರ್ಟರ್ಸಿನವರು ಮೊದಮೊದಲು ನಕ್ಕರು. ಆಮೇಲೆ ಚೀಲಕ್ಕೂ ನಮಸ್ಕಾರ ಹೇಳತೊಡಗಿದರು. ಅಕ್ಕನಿಗೆ ಅದು ಗೊತ್ತಿತ್ತು. "ನನಗಿಂತ ಅದಕ್ಕ ಮರ್ಯಾದಿ ಜಾಸ್ತಿ," ಎನ್ನುತ್ತಿದ್ದರು.

ಹೀಗೆ ಆರು ವರ್ಷ. ಕೊನೆಯ ವರ್ಷ ನಾವು ಅಲ್ಲಿರಲಿಲ್ಲ. ನಾವು ಕಾಕ್ಕನಾಡಿಗೆ ಹೊರಡುವ ಹಿಂದಿನ ದಿನ ಅದೇ ತಂತಿಯ ಹತ್ತಿರ ನಾನು ಕೇಳಿದ್ದೆ: "ನಿಜವಾಗಿ ಹೋಗ್ತೀರಾ ಅಕ್ಕ? ಅಷ್ಟು ದೂರ ಬೆನ್ನು ತಡೆಯತ್ತಾ?"

ಅಕ್ಕ ಸೀರೆ ಕೊಡವಿ ಹರಡಿದರು. "ಬೆನ್ನು ಹೆಂಗರ ತಡೀತೈತಿ. ಇಪ್ಪತ್ತಾರು ವರ್ಷ ಮಂದಿ ಮುಂದ ಹೇಳ್ಯಾರ ನೋಡು. ಹೋಗ್ಲಿಲ್ಲಂದ್ರ ಅವರ ಮಾರಿ ಸಣ್ಣದಾಗ್ತೈತಿ. ಅದನ್ನ ನೋಡಾಕ ಆಗೂದಿಲ್ಲ ನನಗ."

ಅವರಿಗೆ ಒಬ್ಬಳು ಮಗಳು. ಕೋಯಿಕ್ಕೋಡಿನ, ಅಂದರೆ ಕಲ್ಲಿಕೋಟೆಯ, ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಕೇರಳದಲ್ಲೇ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ಅಪ್ಪನ ನಿವೃತ್ತಿಗೆ ಒಂದು ತಿಂಗಳಿದೆ ಎನ್ನುವಾಗ ಅವಳು ಎರ್ಣಾಕುಳಂನಿಂದ ಹುಬ್ಬಳ್ಳಿಗೆ ಎರಡು ರೈಲು ಟಿಕೆಟ್ ಮಾಡಿಸಿ ಅಮ್ಮನ ಕೈಗೆ ಕೊಟ್ಟಳು. ಅವಳ ಷರತ್ತು ಇಷ್ಟು: ಕೊಚ್ಚಿಯವರೆಗೆ ಇಬ್ಬರೂ ಗಾಡಿಯಲ್ಲಿ ಸರಿಯಾಗಿ ಬಂದರೆ ಮುಂದಿನದು ಅಪ್ಪನಿಷ್ಟ. ಇಲ್ಲದಿದ್ದರೆ ಅಲ್ಲಿಂದ ರೈಲು, ಗಾಡಿ ಸಾಮಾನು ಡಬ್ಬಿಗೆ. ಸರಿಯಾಗಿ ಬಂದರೋ ಇಲ್ಲವೋ ಎಂದು ಹೇಳಬೇಕಾದವಳು ನಾನು, ಯಾಕೆಂದರೆ ಮೊದಲ ದಿನದ ವಸತಿ ನಮ್ಮ ಮನೆ. ನನಗೆ ಈ ಕೆಲಸ ಬೇಡವಾಗಿತ್ತು. ಆದರೆ ಯಾರೂ ನನ್ನನ್ನು ಕೇಳಲಿಲ್ಲ.

ಅವರು ಬರುವ ದಿನ ನಾನು ಚಪಾತಿ ಹಿಟ್ಟು ಕಲಸಿಟ್ಟು, ಹಾಸಿಗೆಗೆ ಹೊಸ ಹೊದಿಕೆ ಹಾಕಿ, ಸಂಜೆ ನಾಲ್ಕಕ್ಕೆ ಬರಬಹುದು ಎಂದುಕೊಂಡಿದ್ದೆ. ಬೆಳಿಗ್ಗೆ ಹನ್ನೊಂದಕ್ಕೇ ಬಾಗಿಲ ಗಂಟೆ ಬಡಿಯಿತು. ತೆರೆದರೆ ಅಕ್ಕ. ಒಂದು ಕೈಯಲ್ಲಿ ಪರ್ಸು, ಇನ್ನೊಂದರಲ್ಲಿ ಹೆಲ್ಮೆಟ್ಟು.

"ಇಷ್ಟು ಬೇಗ ಬಂದ್ರಾ! ಅಣ್ಣ ಕೆಳಗೆ ಗಾಡಿ ನಿಲ್ಲಿಸ್ತಿದಾರಾ?"

"ಅವರು ಹಿಂದ ಬರಾಕತ್ತಾರ."

"ಮತ್ತೆ ನೀವು?"

"ರೈಲಾಗ ಬಂದೆ. ನೀರು ಕೊಡು ತಂಗಿ."

ನೀರು ಕುಡಿದು, ಹೆಲ್ಮೆಟ್ಟನ್ನು ಊಟದ ಮೇಜಿನ ಮೇಲಿಟ್ಟು ಹೇಳಿದರು. ಬೆಳಿಗ್ಗೆ ಐದಕ್ಕೆ ಹೊರಡುವುದೆಂದು ಎಲ್ಲ ಕಟ್ಟಿತ್ತು. ಅಕ್ಕಪಕ್ಕದವರು ಎದ್ದು ಬಂದು ಗೇಟಿನವರೆಗೆ ಸಾಲಾಗಿ ನಿಂತಿದ್ದರು. ಅವರು ಕಿವಿಗೆ ಹತ್ತಿ ಇಟ್ಟುಕೊಂಡು, ಹೆಲ್ಮೆಟ್ಟು ಹಾಕಿಕೊಂಡು, ಗಾಡಿ ಶುರು ಮಾಡಿದ ಮೇಲೆ ಅಕ್ಕನಿಗೆ, ಗ್ಯಾಸ್ ಬಂದ್ ಮಾಡಿದ್ದೀಯಾ, ಇನ್ನೊಮ್ಮೆ ನೋಡಿ ಬಾ ಎಂದರು. ಅಕ್ಕ ಒಳಗೆ ಹೋದರು. ಜೋಳದ ಚೀಲ ಹಿಂದಿನ ಸೀಟಿನ ಮೇಲಿತ್ತು. ಅದು ಬರುವುದಲ್ಲ, ಪಕ್ಕದವರಿಗೆ ಕೊಟ್ಟು ಹೋಗುವುದು. ಆದರೆ ಆರು ವರ್ಷದ ಅಭ್ಯಾಸ, ಹಿಂದಿನ ಸಂಜೆ ಕೈ ತಾನಾಗಿ ಕಟ್ಟಿಬಿಟ್ಟಿತ್ತು. ಕತ್ತಲಲ್ಲಿ ಅವರು ಎಡಗೈ ಹಿಂದೆ ಚಾಚಿ ಮುಟ್ಟಿ ನೋಡಿ "ಕುಂತೀಯೇನು?" ಎಂದರು. ಚೀಲ ಎಂದೂ ಉತ್ತರ ಕೊಟ್ಟದ್ದಿಲ್ಲ. ಅಕ್ಕನೂ ಹೆಚ್ಚು ಮಾತಿನವರಲ್ಲ. ತೂಕ ಸರಿಯಾಗಿತ್ತು. ಹೊರಟರು.

"ಯಾರೂ ಕೂಗಲಿಲ್ವಾ ಅಕ್ಕ? ಅಷ್ಟು ಜನ ನಿಂತಿದ್ರಲ್ಲ?"

"ಎಲ್ಲಾರೂ ಕೈ ಮಾಡಿದ್ರು. ಚೀಲ ಕಟ್ಕೊಂಡು ಹೋಗೂದು ವಾರವಾರ ನೋಡಿದ್ದಲ್ಲಾ. ವಾಚ್‌ಮನ್ ಅಂತೂ ಇವತ್ತೂ ಟ್ರಯಲ್ ಅಂತ ತಿಳ್ಕೊಂಡು ಅರ್ಧಾ ಗೇಟು ತಗದ. ನಾ ಹೊರಗ ಬಂದಾಗ ಹಿಂದಿನ ಕೆಂಪು ದೀಪ ಕಾಣಾಕತ್ತಿತ್ತು. ನಾನೂ ಒಂದ್ ಗಳಿಗಿ, ತಿರುಗಿ ಬರ್ತಾರ ಬಿಡು ಅಂತ ನಿಂತೆ."

ಅಕ್ಕ ಅಳಲೂ ಇಲ್ಲ, ನಗಲೂ ಇಲ್ಲ. ಪಟ್ಟಿಯಲ್ಲಿ ಚೀಲವೂ ಇರಲಿಲ್ಲ, ಹೆಂಡತಿಯೂ ಇರಲಿಲ್ಲ. ಇಲ್ಲದ ಎರಡರಲ್ಲಿ ಒಂದು ಹೋಯಿತು, ಒಂದು ಉಳಿಯಿತು. ಉಳಿದದ್ದು ಬಾಗಿಲಿಗೆ ಬೀಗ ಹಾಕಿ, ಕೀ ಒಪ್ಪಿಸಿ, ಆಟೋ ಹಿಡಿದು ಸ್ಟೇಷನ್ನಿಗೆ ಹೋಗಿ ರೈಲು ಹತ್ತಿತು. ಏಳೂವರೆಗೆ ರೈಲಿನಲ್ಲಿರುವಾಗ ಗಂಡನ ಫೋನ್ ಬಂತು. "ನೀ ಎಲ್ಲಿದ್ದೀ?" ಎಂದರಂತೆ. "ಮುಂದ ನಡೀರಿ, ಬರ್ತೀನಿ" ಎಂದು ಅಕ್ಕ ಫೋನ್ ಇಟ್ಟರು. ಮತ್ತೆ ತೆಗೆಯಲಿಲ್ಲ.

ಮೂರೂವರೆಗೆ ಗಾಡಿಯ ಸದ್ದು ಐದನೇ ಮಹಡಿಯವರೆಗೆ ಕೇಳಿಸಿತು. ನಾನೂ ಅಕ್ಕನೂ ಕೆಳಗೆ ಹೋದೆವು. ಸಿಮೆಂಟು ನೆಲದ ಮೇಲೂ ಹಲಗೆ ತುಂಡು ಇಟ್ಟು, ಅದರ ಮೇಲೆ ಸ್ಟ್ಯಾಂಡು ಊರಿ ನಿಲ್ಲಿಸಿದರು. ಹಿಂದೆ ಚೀಲ ನೆಟ್ಟಗೆ ಕೂತಿತ್ತು. ಇನ್ನೂರು ಕಿಲೋಮೀಟರಿಗೂ ಹೆಚ್ಚು ಬಂದರೂ ಒಂದು ಬೆರಳಿನಷ್ಟು ಓರೆಯಾಗಿರಲಿಲ್ಲ. ಅವರು ಹೆಲ್ಮೆಟ್ಟು ತೆಗೆಯದೆ ನಿಂತರು. ಪೆನ್ನು, ಟೇಪು, ಬೀಗದ ಕೈ ಮೂರೂ ಮುಟ್ಟಿಕೊಂಡರು. 

ಅಕ್ಕ ಹೇಳಿದರು: "ಮೊದಲ ಅದನ್ನ ಇಳಸ್ರಿ. ಪಾಪ, ಕುಂತು ಕುಂತು ಬ್ಯಾಸತ್ತೈತಿ."

ಮೇಲೆ ಬಂದು ಕಾಲು ತೊಳೆದು ಕೂತ ಮೇಲೆ ಅವರು ನನಗೆ ಹೇಳಿದರು, ಅಕ್ಕನಿಗಲ್ಲ. ಕೊಲ್ಲಂ ದಾಟಿ ಕರುನಾಗಪ್ಪಳ್ಳಿಯ ಹತ್ತಿರ ಚಹಾದಂಗಡಿಯಲ್ಲಿ ನಿಲ್ಲಿಸಿ, ಕಿವಿಯ ಹತ್ತಿ ತೆಗೆಯುತ್ತಾ ಎರಡು ಚಹಾ ಎಂದರಂತೆ. ಅಂಗಡಿಯವನು ಎರಡು ಗ್ಲಾಸು ಇಟ್ಟು, ಗಾಡಿಯ ಕಡೆ ನೋಡಿ, ಎರಡನೆಯದು ಯಾರಿಗೆ ಎಂದು ಕೇಳಿದ. ಆಗ ತಿರುಗಿ ನೋಡಿದರು.

"ಎರಡು ತಾಸು ಅದರ ಜೋಡಿ ಮಾತಾಡೀನ್ರಿ ಅಕ್ಕಾರ. ಕೊಲ್ಲಂ ಬಂತು ನೋಡು ಅಂದೆ. ಬೆನ್ನು ನೋಯ್ತೈತೇನು ಅಂತನೂ ಕೇಳಿದೆ."

"ಚಹಾ ಏನು ಮಾಡಿದ್ರಿ ಅಣ್ಣ?"

"ಎರಡೂ ಕುಡದೆ. ಹೇಳಿದ ಮ್ಯಾಲೆ ಬಿಡಂಗಿಲ್ಲಲ್ಲ."

ಒಳಗಿನಿಂದ ಅಕ್ಕ ಕೆಮ್ಮಿದರು. ಅದು ಕೆಮ್ಮೋ ನಗುವೋ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಾರದು. ತಲೆ ತಗ್ಗಿಸಿಯೇ ಕೂತಿದ್ದರು. ಅಕ್ಕ ಅಂದು ತಂತಿಯ ಹತ್ತಿರ ಹೇಳಿದ್ದು ನನಗೆ ಆಗ ಕಣ್ಣಿಗೆ ಕಂಡಿತು. ದಪ್ಪ ಮೀಸೆಯ ಆ ಮುಖ ನಿಜವಾಗಿಯೂ ಸಣ್ಣದಾಗಿತ್ತು.

"ಮಗಳು ಫೋನ್ ಮಾಡಿದ್ರ ಇದ್ದದ್ದು ಇದ್ದಂಗ ಹೇಳ್ರಿ," ಎಂದರು. "ಷರತ್ತು ಷರತ್ತರಿ. ಗಾಡಿ ರೈಲಿಗೆ ಹಾಕೂಣು. ನಿಮ್ಮ ಈ ಕಡೆ ಹುಲ್ಲು ಎಲ್ಲಿ ಸಿಗ್ತೈತ್ರಿ?"

ಕಾಕ್ಕನಾಡಿನಲ್ಲಿ ಹುಲ್ಲು ಎಲ್ಲಿ ಸಿಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮವರನ್ನು ಕೇಳಿ ಹೇಳುತ್ತೇನೆ ಎಂದೆ.

ಆಗ ಅಕ್ಕ ಹೊರಗೆ ಬಂದರು. "ಪುಸ್ತಕ ಕೊಡ್ರಿ," ಎಂದರು. ಅವರು ಕೊಟ್ಟರು. "ಪೆನ್ನು." ಅದನ್ನೂ ಕೊಟ್ಟರು. ಅವರ ಪೆನ್ನು ಬೇರೆಯವರ ಕೈಗೆ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಕ್ಕ ನನ್ನ ಊಟದ ಮೇಜಿನ ಮುಂದೆ ಕೂತು ಒಂದರಿಂದ ಅರವತ್ಮೂರರವರೆಗೆ ನಿಧಾನವಾಗಿ ಓದಿದರು. ಹಲಗೆ ತುಂಡು ಇತ್ತು, ಬೀಗ ಇತ್ತು, ಹತ್ತಿ ಇತ್ತು. ಎಲ್ಲದರ ಮುಂದೆ ಶ್ರೀಕಾರ್ಯಂ ಎಂಬ ಅಂಕಣದಲ್ಲಿ ಗುರುತು ಬಿದ್ದಿತ್ತು. ಕೆಳಗೆ ಅರವತ್ನಾಲ್ಕು ಎಂದು ಬರೆದು, ಅದರ ಮುಂದೆ "ಹೆಂಡತಿ. ಸಂಖ್ಯೆ ಒಂದು" ಎಂದು ಬರೆದು ಪುಸ್ತಕ ಅವರ ಮುಂದೆ ತಳ್ಳಿದರು.

"ಪಟ್ಟ್ಯಾಗ ಇಲ್ಲದ್ದು ಕೇಳಂಗಿಲ್ಲ ಅಂತಿದ್ರೆಲ್ಲಾ. ಈಗ ಕೇಳ್ರಿ."

ಅವರು ಅದನ್ನು ಓದಿದರು. ಸಕ್ಕರೆ ಲೋಟ ತಂದು ಬಾಗಿಲಲ್ಲಿ ನಿಂತಾಗಿನ ದನಿಯಲ್ಲಿ ಕೇಳಿದರು: "ಬರ್ತೀಯೇನು?"

"ರೈಲಾಗ ಕಿಟಕಿ ಸೀಟು ಸಿಕ್ಕಿತ್ತು. ಚಲೋ ಇತ್ತು," ಎಂದರು ಅಕ್ಕ. ಪರ್ಸಿನಿಂದ ಮಗಳು ಕೊಟ್ಟ ಟಿಕೆಟು ತೆಗೆದು ನನ್ನ ಕೈಗೆ ಕೊಟ್ಟರು. "ಇದನ್ನ ಕ್ಯಾನ್ಸಲ್ ಮಾಡಿಸು ತಂಗಿ. ನಿಮ್ಮವರಿಗೆ ಗೊತ್ತಿರ್ತೈತಿ."

ಸಂಜೆ ಮಗಳ ಫೋನ್ ಬಂತು. "ಆಂಟೀ, ಎತ್ತಿಯೋ?" ತಲುಪಿದರೇ ಎಂದು.

"ಬಂದ್ರಮ್ಮ. ಇಬ್ಬರೂ ಬಂದ್ರು."

"ರಂಡು ಪೇರುಂ ಒರುಮಿಚ್ಚಾಣೋ ವನ್ನೆ?" ಇಬ್ಬರೂ ಒಟ್ಟಿಗೇ ಬಂದರೇ ಎಂದು ಅವಳು ಕೇಳುತ್ತಿದ್ದಳು. ಗಂಡಹೆಂಡತಿ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಅವರು ಚೀಲದ ಹೊಲಿಗೆ ಬಿಚ್ಚುತ್ತಿದ್ದರು, ಅಕ್ಕ ಮೊರ ಹಿಡಿದಿದ್ದರು.

"ಒಟ್ಟಿಗೇ ಕೂತು ಜೋಳ ಆರಿಸ್ತಿದಾರೆ ನೋಡು," ಎಂದೆ. ಅದು ಸುಳ್ಳಲ್ಲ. ಅವಳು ಸರಿ ಆಂಟೀ ಎಂದು ಫೋನ್ ಇಟ್ಟಳು.

ಚೀಲದಿಂದ ಜೋಳದ ಜೊತೆ ಟವೆಲ್ಲಿನಲ್ಲಿ ಸುತ್ತಿದ ಇಟ್ಟಿಗೆಗಳು ಬಂದವು. ಚಪಾತಿ ಹಿಟ್ಟು ಫ್ರಿಜ್ಜಿಗೆ ಹೋಯಿತು. ಅಕ್ಕ ಮಿಕ್ಸಿಯಲ್ಲಿ ಜೋಳ ಒಡೆದು ನುಚ್ಚು ಮಾಡಿದರು. ಬಿಸಿ ನುಚ್ಚಿಗೆ ಮಜ್ಜಿಗೆ ಸುರಿದು, ಶೇಂಗಾ ಚಟ್ನಿ ಹಾಕಿಕೊಂಡು ನಾಲ್ವರೂ ಉಂಡೆವು. ಮರುದಿನ ಬೆಳಿಗ್ಗೆ ಹೊರಡುವಾಗ ಅವರು ಅರವತ್ನಾಲ್ಕನ್ನೂ ಒಂದೊಂದಾಗಿ ಓದಿ ಗುರುತು ಹಾಕಿದರು. ಎಡಗೈ ಹಿಂದೆ ಚಾಚಿ ಮುಟ್ಟಿ ನೋಡಿದರು.

"ಕುಂತೀಯೇನು?"

"ಕುಂತೀನಿ. ನಡೀರಿ."

ಎಂಟನೆಯ ದಿನ ಇಳಕಲ್ ತಲುಪಿದೆವು ಎಂದು ಫೋನ್ ಬಂತು. ಚೀಲ ನಮ್ಮಲ್ಲೇ ಉಳಿಯಿತು. ಆ ಜೋಳವನ್ನು ನಾವು ಐದು ತಿಂಗಳು ತಿಂದೆವು. ಇಟ್ಟಿಗೆಗಳಲ್ಲಿ ಎರಡನ್ನು ಕರಿಬೇವಿನ ಕುಂಡದ ಕೆಳಗಿಟ್ಟೆ.

ಇನ್ನು ಇವತ್ತಿನ ಫೋನ್. ಕಪಾಟಿನಲ್ಲಿ ಸಿಕ್ಕಿದ್ದು ಅದೇ ಪುಸ್ತಕ. ಅರವತ್ಮೂರು ಸಾಮಾನಿನ ಗುರುತು ಕೊಯಮತ್ತೂರಿಗೇ ನಿಂತಿದೆಯಂತೆ. ಆಮೇಲೆ ಅವನ್ನು ಅವರು ಲೆಕ್ಕಕ್ಕೇ ಇಟ್ಟಿಲ್ಲ. ಅರವತ್ನಾಲ್ಕನೆಯದಕ್ಕೆ ಮಾತ್ರ ಸೇಲಂ, ಹೊಸೂರು, ತುಮಕೂರು, ಚಿತ್ರದುರ್ಗ, ಹೊಸಪೇಟೆ, ಇಳಕಲ್, ಎಲ್ಲ ಕಡೆ ಗುರುತಿದೆ. ಶ್ರೀಕಾರ್ಯಂನ ಅಂಕಣ ಖಾಲಿ. ಅದರ ಷರಾದಲ್ಲಿ ಬರೆದಿದ್ದಾರೆ: "ತಪ್ಪು ಸ್ಟೋರ್ಸಿನದು."

"ಅಷ್ಟಕ್ಕ ಬಿಟ್ಟಿಲ್ಲ ತಂಗಿ," ಎಂದರು ಅಕ್ಕ. "ಮುಂದಿನ ಹಾಳ್ಯಾಗ ಗೆರಿ ಹೊಡದು ತಾರೀಕು ಹಾಕ್ಯಾರ. ದಿನಾ ಒಂದು ಟಿಕ್ಕು. ನಾಕು ವರ್ಷದ್ದು. ಮಗಳ ಬಾಣಂತನಕ್ಕ ನಾ ಹೋಗಿದ್ದೆನಲ್ಲಾ, ಆ ಎರಡು ತಿಂಗಳು ಟಿಕ್ಕಿಲ್ಲ, 'ಕೋಯಿಕ್ಕೋಡಿನಾಗ ಐತಿ' ಅಂತ ಬರದಾರ. ಮನ್ಯಾಗ ಇರ್ತಿದ್ದೆ ನಾ, ಎಲ್ಲಿ ಹೋಗಾಕಿದ್ದೆ? ಅವರು ತೀರಿಕೊಂಡ ದಿನದ ಹಿಂದಿನ ದಿನಾನೂ ಹಾಕ್ಯಾರ."

"ಇನ್ನು ಹಾಳೆ ಉಳಿದಿದೆಯಾ ಅಕ್ಕ?" ಎಂದೆ.

"ಬೇಕಾದಷ್ಟು ಅದಾವು."

"ನೀವೇ ಹಾಕಿ ಹಾಗಾದ್ರೆ."

"ನಾ ಹೆಂಗ ಹಾಕ್ಲಿ? ನಾ ಸಾಮಾನು. ಸ್ಟೋರ್ಸ್ ಅವರು." ಆಮೇಲೆ ಅಕ್ಕ, ಹೊಸ ಜೋಳ ಬಂದಿದೆ, ಯಾರ ಕೈಯಲ್ಲಾದರೂ ಕಳಿಸುತ್ತೇನೆ ಎಂದರು. ಎಷ್ಟು ಎಂದೆ. ಅರವತ್ತೂವರೆ ಅಲ್ಲ, ಐದು ಕಿಲೋ ಎಂದರು.

ಮಧ್ಯಾಹ್ನ ಬಟ್ಟೆ ಮಡಿಸಿದೆ. ಸಂಜೆ ಕೆಳಗಿನ ಸೂಪರ್ ಮಾರ್ಕೆಟ್ಟಿನಲ್ಲಿ ಜೋಳ ಕೇಳಿದೆ, ಇರಲಿಲ್ಲ. ರಾತ್ರಿ ಅನ್ನ, ಹೆಸರುಕಾಳಿನ ಸಾರು, ಹಪ್ಪಳ. ನಮ್ಮವರು ಎರಡು ಸಲ ಮಜ್ಜಿಗೆ ಹಾಕಿಸಿಕೊಂಡರು. ಹತ್ತಕ್ಕೆ ಅವರೇ ಮೊದಲು ಮಲಗಿದರು. ನಾನು ಗ್ಯಾಸ್ ಬಂದ್ ಮಾಡಿದ್ದನ್ನು ಇನ್ನೊಮ್ಮೆ ನೋಡಿ ಬಂದು, ದೀಪ ಆರಿಸಿ, ಕತ್ತಲಲ್ಲಿ ಎಡಗೈ ಚಾಚಿ ಮುಟ್ಟಿ ನೋಡಿದೆ. ಇದ್ದರು.